ಮೇಣದ ದಾರದ ಗಂಟು

ಪೆಟ್ಟಿಗೆಯ ನಾಲ್ಕನೆಯ ತಿರುಪು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗಡಿಯಾರ ರಿಪೇರಿಯ ಮಾಮ ಕನ್ನಡಕವನ್ನು ಹಣೆಗೇರಿಸಿ, ಉಸಿರು ಬಿಗಿಹಿಡಿದು ಮತ್ತೊಮ್ಮೆ ತಿರುಗಿಸಿದರು. ಗೆಳೆಯನ ಮಗಳು ಬಲಗೈಯಲ್ಲಿ ಟಾರ್ಚು ಹಿಡಿದಿದ್ದಳು. ಎಡಗೈ ಯಾವತ್ತಿನ ಹಾಗೆ ಶಾಲಿನೊಳಗಿತ್ತು.

ಗೋಡೆಯಾಚೆ ನಡುಮನೆಯಲ್ಲಿ ಅವಳ ಅಪ್ಪನ ದೇಹ. ನಾಲ್ಕಕ್ಕೆ ವ್ಯಾನು ಬರುತ್ತದೆ. ಈಗ ಮೂರೂವರೆ.

"ಆಯ್ತಾ ಮಾಮ?" ಬಾಗಿಲಲ್ಲಿ ಅಣ್ಣ.

"ಅವಸರ ಮಾಡ್ಬೇಡ ಮಾರಾಯ. ನಿಮ್ಮಪ್ಪ ಬಿಗಿದಿದ್ದು, ಬಿಚ್ಚೋಕೂ ಅವನೇ ಬರ್ಬೇಕು," ಎಂದ ಮಾಮ, ಆಡಿದ ಮಾತು ತಮ್ಮ ಕಿವಿಗೇ ಬಿದ್ದು ತಿರುಪಿನತ್ತ ಬಗ್ಗಿದರು.

ಮೇಜಿನ ಮೇಲಿದ್ದದ್ದು ಆಟದ ವಿಮಾನವನ್ನು ದೂರದಿಂದ ಹಾರಿಸುವ ಹಳೆಯ ರೇಡಿಯೋ ಪೆಟ್ಟಿಗೆ. ತಗಡಿನ ಮೈ, ಎಳೆದರೆ ಉದ್ದವಾಗುವ ಏರಿಯಲ್, ಎರಡು ಹೆಬ್ಬೆರಳಿಗೆ ಎರಡು ಕಡ್ಡಿ. ರೇಡಿಯೋ ರಿಪೇರಿಯಲ್ಲೇ ಆಯಸ್ಸು ಕಳೆದ ಅಪ್ಪ ಕೊನೆಯ ಎರಡು ವರ್ಷ ಅದರ ಹಳೆಯ ಕರುಳನ್ನೆಲ್ಲ ಕಿತ್ತು, ಬೆರಳುದ್ದದ ಹೊಸ ಬೋರ್ಡು, ಹೊಸ ಬ್ಯಾಟರಿ, ವಿಮಾನಕ್ಕೆ ಎಂಜಿನ್ನಿನ ಬದಲು ಮೋಟರು ಕೂರಿಸಿದ್ದರು. ಯಾಕೆಂದು ಹೇಳಲಿಲ್ಲ. ಮಾತನ್ನು ಮೀಟರು ಹಿಡಿದು ಅಳೆದು ಕೊಡುತ್ತಿದ್ದ ಮನುಷ್ಯ.

ಅದನ್ನು ಅಪ್ಪನ ಪಕ್ಕದಲ್ಲೇ ಇಟ್ಟು ಕಳಿಸೋಣವೆಂದು ಬೆಳಿಗ್ಗೆ ಅಣ್ಣ ಹಟ ಹಿಡಿದ. ಮಗಳು ಬೇಡವೆಂದಳು. ಜಗಳವಾಡುವ ದಿನವೇ ಅದು? ಕೊನೆಗೆ, ಪೆಟ್ಟಿಗೆ ಕೆಲಸ ಮಾಡಿದರೆ ಅವಳಿಗೆ, ಇಲ್ಲದಿದ್ದರೆ ಅಪ್ಪನ ಜೊತೆ ಎಂದು ಒಪ್ಪಂದವಾಯಿತು.

ಅದು ಅರ್ಧ ಮಾತ್ರ ಕೆಲಸ ಮಾಡಿತು. ಬಲಗಡೆಯ ಕಡ್ಡಿ ತಿರುಗಿಸಿದರೆ ಮೇಜಿನ ತುದಿಯಲ್ಲಿದ್ದ ವಿಮಾನದ ಬಾಲ ಹೊರಳಿತು. ಮೋಟರು ಓಡಿಸಬೇಕಾದ ಎಡಗಡೆಯ ಕಡ್ಡಿಗೆ ಮಾತ್ರ ಜೀವವೇ ಇರಲಿಲ್ಲ.

* * *

ಆಗ ಅವಳಿಗೆ ಹದಿನಾಲ್ಕು. ಮೈದಾನದಲ್ಲಿ ಅವಳು ಮಂಡಿಯೂರಿ ವಿಮಾನ ಹಿಡಿದಿದ್ದಳು, ಅಪ್ಪನ ಕೈಯಲ್ಲಿ ಇದೇ ಪೆಟ್ಟಿಗೆ. ಯಾರೋ ಕೂಗಿದರು, ಅಪ್ಪ ತಿರುಗಿ ನೋಡಿದರು, ಎಂಜಿನ್ ಒಮ್ಮೆಲೇ ಭೋರ್ಗರೆಯಿತು. ವಿಮಾನ ಕೈತಪ್ಪಿ ನುಗ್ಗಿತು. ತಡೆಯಲೆಂದು ಅವಳು ಎಡಗೈ ಒಡ್ಡಿದಳು. ವಿಮಾನದ ಮೂಗಿನಲ್ಲಿ ತಿರುಗುವ ಪಂಖ ಎರಡು ಬೆರಳು ತೆಗೆದುಕೊಂಡಿತು.

ಅಂದೇ ಪೆಟ್ಟಿಗೆ ಅಟ್ಟ ಸೇರಿತು. ಅಪ್ಪ ಬೈಯಲಿಲ್ಲ, ಆ ಮಾತನ್ನೇ ಎತ್ತಲಿಲ್ಲ. ತನ್ನ ಪೆದ್ದುತನದಿಂದ ಅಪ್ಪನಿಗಿದ್ದ ಒಂದೇ ಒಂದು ಸಂತೋಷ ಮಣ್ಣುಪಾಲಾಯಿತೆಂದು ಅವಳು ಮೂವತ್ತು ವರ್ಷ ಒಳಗೊಳಗೇ ಕೊರಗಿದಳು.

* * *

ತಿರುಪು ಕಟಕ್ಕೆಂದು ಸಡಿಲವಾಯಿತು. ಮಾಮ ಹಿಂದಿನ ತಗಡು ತೆಗೆದರು.

"ನೋಡಿಲ್ಲಿ. ಎಡಗಡೆ ಕಡ್ಡಿಯ ತಂತಿ ಕತ್ತರಿಸಿ ಅರ್ಧಕ್ಕೇ ಬಿಟ್ಟಿದ್ದಾನೆ ಪುಣ್ಯಾತ್ಮ. ಒಂದು ಬೆಸುಗೆ ಹಾಕಿದ್ರೆ ಸರಿಹೋಯ್ತು."

ಹೊರಗೆ ವ್ಯಾನು ನಿಂತ ಸದ್ದಾಯಿತು. "ಬಂದೇಬಿಟ್ರು," ಎಂದ ಅಣ್ಣ. "ಸಾಕು ಬಿಡಿ ಮಾಮ. ಅಪ್ಪನ ಜೊತೇನೇ ಹೋಗ್ಲಿ."

"ಒಂದೇ ನಿಮಿಷ ಕಣೋ!" ಕಾದ ಬೆಸುಗೆ ಕಡ್ಡಿ ಹೊಗೆಯಾಡುತ್ತ ತಂತಿಯ ಹತ್ತಿರ ಬಂತು. ಮಗಳು ಟಾರ್ಚನ್ನು ಹತ್ತಿರ ಹಿಡಿದು ಬಗ್ಗಿದಳು.

"ನಿಲ್ಲಿ ಮಾಮ! ಮುಟ್ಬೇಡಿ!"

ಮಾಮನ ಕೈ ಗಾಳಿಯಲ್ಲೇ ನಿಂತಿತು.

"ಆ ಗಂಟು ನೋಡಿ. ಅರ್ಧ ಆದ ಕೆಲಸಕ್ಕೆ ಅಪ್ಪ ಕೆಂಪು ಟೇಪು ಸುತ್ತೋರು. ಮೇಣದ ದಾರ ಕಟ್ಟಿದ್ರು ಅಂದ್ರೆ ಮುಗೀತು ಅಂತ. ಅಲ್ವೇನಣ್ಣ?"

ಅಣ್ಣ ಬಗ್ಗಿ ನೋಡಿದ. ಕತ್ತರಿಸಿದ ತಂತಿಯನ್ನು ಒಪ್ಪವಾಗಿ ಮಡಚಿ, ಮೇಣದ ದಾರ ಬಿಗಿದಿತ್ತು. "ಹೌದು," ಎಂದ ಮೆಲ್ಲಗೆ. "ಬೇಕಂತಲೇ ಕತ್ತರಿಸಿದಾರೆ."

ಅವಳು ಪೆಟ್ಟಿಗೆ ಎತ್ತಿಕೊಂಡಳು. ಎಡಬದಿಯಲ್ಲಿ ಚರ್ಮದ ಪಟ್ಟಿಯೊಂದಿತ್ತು. ಗೋಡೆಗೆ ನೇತುಹಾಕೋದಕ್ಕಿರಬೇಕು ಎಂದಿದ್ದರು ಮಾಮ. ಅವಳು ಶಾಲಿನೊಳಗಿಂದ ಎಡಗೈ ತೆಗೆದು ಅದರೊಳಗೆ ತೂರಿಸಿದಳು. ಉಳಿದ ಮೂರು ಬೆರಳು ಬಿಗಿಯಾಗದೆ, ಸಡಿಲವೂ ಆಗದೆ ಕೂತವು. ಹಿಡಿಯುವುದಷ್ಟೇ ಆ ಕೈಯ ಕೆಲಸ.

ಮಾಮ ಬೆಸುಗೆ ಕಡ್ಡಿ ಕೆಳಗಿಟ್ಟರು. "ಹೋದ ವರ್ಷ ನಿಮ್ಮಪ್ಪ ನನ್ನ ಎಡಗೈಯಲ್ಲಿ ಎರಡು ಬೆರಳು ಮಡಚಿಸಿ ಅಳತೆ ತಗೊಂಡ ಕಣಮ್ಮ. ಯಾಕೋ ಅಂದ್ರೆ, ಸುಮ್ನೆ ಹಿಡಿ ಅಂದ."

ಬಲಗೈಯ ತೋರುಬೆರಳು ತಾನಾಗಿಯೇ ಪೆಟ್ಟಿಗೆಯ ಮೇಲ್ತುದಿಗೆ ಹೋಯಿತು. ಅಲ್ಲೊಂದು ಪುಟ್ಟ ಚಕ್ರ. ಇಷ್ಟು ಹೊತ್ತು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು. ಅವಳು ಸ್ವಿಚ್ಚು ಹಾಕಿ ಅದನ್ನು ಕೂದಲೆಳೆಯಷ್ಟು ತಿರುಗಿಸಿದಳು. ವಿಮಾನದ ಮೂಗಿನಲ್ಲಿ ಮೋಟರು ಗುಂಯ್‌ಗುಟ್ಟಿತು.

ಹೊರಗೆ ಹಾರನ್ ಬಾರಿಸಿದರು. ಅಣ್ಣ ಕಣ್ಣೊರೆಸಿಕೊಂಡು ಬಾಗಿಲಾಚೆ ಹೋದ. "ಸ್ವಲ್ಪ ನಿಲ್ಲಿ," ಎಂದದ್ದು ಕೇಳಿಸಿತು.

ವಿಮಾನಕ್ಕೆ ಪಂಖ ಇರಲಿಲ್ಲ. ಅದೊಂದನ್ನು ಅಪ್ಪ ಕೂರಿಸಿರಲಿಲ್ಲ. ಪಂಖ ಕೂರಬೇಕಾದ ಬರಿಯ ಮೊಳೆಯ ತುದಿಗೆ ಕೆಂಪು ಟೇಪು ಸುತ್ತಿದ್ದರು. ಅದರ ಬಿಚ್ಚಿದ ತುದಿ ಮೋಟರಿನ ಸೆಳೆತಕ್ಕೆ ಸಿಕ್ಕು, ಅವಳು ನೋಡನೋಡುತ್ತಿದ್ದಂತೆ, ಬಳೆಯಷ್ಟಗಲದ ಕೆಂಪು ಸುತ್ತಾಗಿ ತಿರುಗತೊಡಗಿತು.