ಗಿಣ್ಣಿನ ಡಬ್ಬಿ

ಹೊರದೇಶದ ಮಂತ್ರಿಯೊಬ್ಬರು ನಮ್ಮೂರ ಡೈರಿ ನೋಡಲು ಬರುತ್ತಾರೆ ಎಂದಾಗ ಪಾಂಡವಪುರದ ಹಾಲು ಒಕ್ಕೂಟದ ಕಚೇರಿಯಲ್ಲಿ ಎಲ್ಲರೂ ನನ್ನತ್ತ ತಿರುಗಿದರು. ಆ ಊರಿನವಳು ನಾನೊಬ್ಬಳೇ, ಕೆಲಸ ಇನ್ನೂ ಕಾಯಂ ಆಗದವಳೂ ನಾನೊಬ್ಬಳೇ. ಹೊಣೆ ಹೊರಿಸಲು ಇದಕ್ಕಿಂತ ಒಳ್ಳೆಯ ಹೆಗಲು ಎಲ್ಲಿ ಸಿಗಬೇಕು?

ದೆಹಲಿಯಲ್ಲಿ ಎರಡು ದೇಶಗಳ ಮಾತುಕತೆ ನಡೆದಿತ್ತು. ತಮ್ಮ ಹಾಲಿನ ಪುಡಿಯನ್ನು ಸುಂಕವಿಲ್ಲದೆ ಇಲ್ಲಿ ಮಾರಬೇಕೆಂದು ಅವರು, ಆಗದೆಂದು ನಾವು. ಅದರ ನಡುವೆ ಆ ಮಂತ್ರಿಯಮ್ಮನಿಗೆ ಹಸು ಸಾಕುವವರನ್ನು ಕಾಣುವ ಆಸೆಯಾಗಿತ್ತು.

"ಹೇಮಶ್ರೀ, ಕೊಡೋದೂ ಇಲ್ಲ, ತಗೊಳೋದೂ ಇಲ್ಲ," ಎಂದರು ಮೇಲಧಿಕಾರಿ ಶಿವಶಂಕರ್. "ಒಂದು ಲೋಟ ಹಾಲು ಕೊಟ್ರೂ ಭಾರತ ಒಪ್ಪಿಬಿಡ್ತು ಅಂತ ಪೇಪರ್ನಲ್ಲಿ ಬರ್ತದೆ. ಹೆಚ್ಚುಕಮ್ಮಿ ಆದ್ರೆ ಕಾಯಂ ಆಗೋದನ್ನ ಮರೆತುಬಿಡಿ."

ಕಾರು ನಿಲ್ಲುವ ಜಾಗದಿಂದ ಫೋಟೊ ತೆಗೆಯುವ ಮೂಲೆಯವರೆಗೆ ಎಲ್ಲವನ್ನೂ ಅಳೆದು ಸುರಿದು ಗೊತ್ತುಮಾಡಿದೆ. ಕೊಟ್ಟಿಗೆ ತೋರಿಸಲು ನಮ್ಮ ಮನೆಯನ್ನೇ ಆರಿಸಿದೆ, ಅವ್ವ ನನ್ನ ಮಾತು ಕೇಳುತ್ತಾಳೆಂಬ ಭ್ರಮೆಯಲ್ಲಿ.

ಹಿಂದಿನ ದಿನ ನಮ್ಮ ಹಸು ಈಯಿತು. ಬೆಳಗ್ಗೆ ನೋಡಿದರೆ ಅವ್ವ ಆ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಬೇಯಿಸುತ್ತಿದ್ದಳು.

"ಅವ್ವ, ಅವರಿಗೆ ಏನೂ ಕೊಡಂಗಿಲ್ಲ."

"ಹಸ ಈದಿರೋ ಮನೆಗೆ ಬಂದೋರ್ನ ಬರಿಗೈಲಿ ಕಳಿಸಾಕಾದದಾ? ಕರುಗೆ ಒಳ್ಳೇದಾಗಕಿಲ್ಲ. ಸುಮ್ಕಿರು ನೀನು."

ಮಂತ್ರಿ ಬಂದರು. ಕೊಟ್ಟಿಗೆ ಹೊಕ್ಕವರೇ ಕರುವಿನ ಬಾಯಿಗೆ ಬೆರಳು ಕೊಟ್ಟರು, ಅದು ಚೀಪತೊಡಗಿತು. ಹಸುವಿನೊಡನೆ ಬೆಳೆದವರ ಕೈ ಅದು. ಅವ್ವನ ಮುಖ ಅರಳಿತು. ನಾನು ಅಡ್ಡ ಹೋಗುವಷ್ಟರಲ್ಲಿ ಸ್ಟೀಲ್ ಡಬ್ಬಿ ಮಂತ್ರಿಯ ಕೈ ಸೇರಿತ್ತು.

"ತಿಂದ್ಬುಟ್ಟು ಡಬ್ಬಿ ಕಳಿಸು ಅಂತ ಏಳು. ಬರೀ ಡಬ್ಬಿ ಕಳಿಸ್ಬಾರ್ದು ಅಂತ್ಲೂ ಏಳು."

ಶಿವಶಂಕರ್ ಹರಳೆಣ್ಣೆ ಕುಡಿದವರಂತೆ ನಿಂತಿದ್ದರು. ನಾನು ತೊದಲುತ್ತ ಇಂಗ್ಲಿಷಿನಲ್ಲಿ ಹೇಳಿದೆ: ಬರಿದಾದ ಪಾತ್ರೆ ಮರಳಿದರೆ ಎರಡು ಮನೆಗಳ ಹೊಕ್ಕುಬಳಕೆ ಮುಗಿದ ಹಾಗೆ ಎಂದು ನಮ್ಮಲ್ಲಿ ನಂಬಿಕೆ. ಮಂತ್ರಿ ತಲೆಯಾಡಿಸಿ, ಕಾರು ಹತ್ತಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡರು.

ಆಮೇಲೆ ನನಗೆ ಅನ್ನ ಸೇರಲಿಲ್ಲ. ಅವ್ವನ ಮೇಲೆ ಎಷ್ಟು ಕೋಪವೆಂದರೆ ಮಾತೇ ಬಿಟ್ಟೆ. ಮಾತುಕತೆ ಮುರಿದು ಮಂತ್ರಿ ತಮ್ಮ ದೇಶಕ್ಕೆ ಹೊರಟರೆಂದು ಟಿವಿಯಲ್ಲಿ ಬಂದಾಗ, ನನ್ನ ಕೆಲಸವೂ ಅದೇ ವಿಮಾನ ಹತ್ತಿತು ಎಂದುಕೊಂಡೆ.

ಮರುವಾರ ಶಿವಶಂಕರ್ ಕರೆಸಿದರು. ಮೇಜಿನ ಮೇಲೆ ನಮ್ಮ ಡಬ್ಬಿ. ಮುಚ್ಚಳದ ಮೇಲೆ ಬೆಟ್ಟಮ್ಮ ಎಂದು ಅವ್ವನ ಹೆಸರು ಕೊರೆದಿತ್ತು.

"ದೆಹಲಿಯಿಂದ ಬಂತು. ಹೊರಡೋವಾಗ ಮಂತ್ರಿ ಅಲ್ಲಿ ನಮ್ಮೋರ ಕೈಗೆ ಕೊಟ್ಟು ಹೋದ್ರಂತೆ. ತೆಗೀರಿ."

ಅಲ್ಲಾಡಿಸಿದರೆ ಸದ್ದಿಲ್ಲ. ಖಾಲಿಯೇ ಬಂದಿದೆ ಎಂದುಕೊಂಡೆ. ಮುಚ್ಚಳ ಎತ್ತಿದೆ. ಹೋಟೆಲಿನವರು ಕಾಫಿಗೆ ಕೊಡುವ ಸಕ್ಕರೆ ಪೊಟ್ಟಣಗಳು, ಜಾಗವಿಲ್ಲದಂತೆ ಒತ್ತಿ ತುಂಬಿದ್ದವು. ಪಾಪ, ಹೊರಡುವ ಅವಸರದಲ್ಲಿ ಕೈಗೆ ಸಿಕ್ಕಿದ್ದು ಅದೇ ಇರಬೇಕು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು.

"ಬರೀ ಡಬ್ಬಿ ಅಲ್ಲ, ಬಳಕೆ ಮುಗಿದಿಲ್ಲ ಅಂತ ದೆಹಲೀಲಿ ನಮ್ಮೋರು ಆ ಮಂತ್ರಿಗೆ ಮತ್ತೆ ಫೋನ್ ಮಾಡಿದ್ರಂತೆ. ಮುಂದಿನ ತಿಂಗಳು ಮತ್ತೆ ಮಾತುಕತೆಗೆ ಕೂರ್ತಾರೆ," ಎಂದ ಶಿವಶಂಕರ್ ಒಂದು ಪೊಟ್ಟಣ ಹರಿದು ತಮ್ಮ ಕಾಫಿಗೆ ಸುರಿದುಕೊಂಡರು. "ನಿಮ್ಮ ಫೈಲಿಗೆ ಸಹಿ ಹಾಕಿದೀನಿ. ಆ ಹೊತ್ತಿಗೆ ಊರಲ್ಲಿ ಯಾವ ಹಸ ಈಯ್ತದೆ, ನಿಮ್ಮವ್ವನ್ನ ಕೇಳಿ ತಿಳಿಸಿ."

ಅಲ್ಲೇ ನಿಂತು ಫೋನ್ ಮಾಡಿದೆ.

"ಪುಟ್ಟಲಕ್ಷ್ಮಮ್ಮನ ಹಸ ತುಂಬ್ಕೊಂಡದೆ," ಎಂದಳು ಅವ್ವ. "ಮೊದ್ಲು ಡಬ್ಬಿ ತಗಂಡು ಮನೆಗ್ ಬಾ."