ಮೂಲೆಯ ಗಡಿಯಾರ

"ಅಣ್ಣಾ, ಮೂಲ್ಯಾಗಿನ ಗಡಿಯಾರ ಇನ್ನೂ ಬಂದಿಲ್ರಿ. ಸೌಂಡಿನ ಗುರುತೂ ಇಲ್ಲ, ನೆಟ್ಟಿಂದೂ ಇಲ್ಲ," ಎಂದಳು ಹೇಮಾ, ಕಂಪ್ಯೂಟರ್ ಪರದೆಯ ಕೆಳತುದಿಗೆ ಬೆರಳಿಟ್ಟು.

"ವೈರಸ್ ಇರಬೇಕ ತಂಗಿ. ನಾಳೆ ರಿಪೇರಿಯಂವನ್ನ ಕರಸ್ತೇನಿ." ಮಾಲಕ ಮಾಲತೇಶ ತಲೆ ಎತ್ತಲಿಲ್ಲ. ನಾಳೆ ನಾಳೆ ಎನ್ನುತ್ತ ವಾರ ಕಳೆದಿತ್ತು.

ಹಾನಗಲ್ಲಿನ ಆ ಆನ್‌ಲೈನ್ ಸೆಂಟರಿನ ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಹೇಮಾ, ಶಬನಮ ಇಬ್ಬರೂ ಅಲ್ಲಿ ಕೂತು ಹಳೆಯ ಕಾಗದಗಳನ್ನು ಟೈಪು ಮಾಡುತ್ತಾರೆ. ಅವುಗಳ ಫೋಟೊ ಯಾರೂ ಹೊಡೆಯಬಾರದೆಂದು ಮೊಬೈಲುಗಳು ಬಂದ ಕೂಡಲೇ ಮಾಲತೇಶನ ಡ್ರಾವರಿಗೆ. ಗಡಿಯಾರ ಕಾಣೆಯಾದ ಮೇಲೆ ಹೇಮಾಳಿಗೆ ತನ್ನೂರು ತಿಳವಳ್ಳಿಯ ಕಡೇ ಬಸ್ಸು ಎರಡು ಸಲ ತಪ್ಪಿತ್ತು. ಟ್ಯೂಷನ್ ಮುಗಿಸಿದ ಮಗಳು ಸಂಘಮಿತ್ರಾ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಅವ್ವನ ದಾರಿ ಕಾಯುತ್ತಾಳೆ. ಮೊನ್ನೆ ಕತ್ತಲಲ್ಲಿ ಕುಡುಕನೊಬ್ಬ ಪಕ್ಕದಲ್ಲೇ ಬಂದು ಕೂತಿದ್ದನಂತೆ. ಹೇಳುವಾಗ ಹುಡುಗಿ ಅಳಲಿಲ್ಲ. ಹೇಮಾಳಿಗೆ ಅದೇ ಚುಚ್ಚಿತ್ತು.

ಮಾಲತೇಶ ಚಾ ಕುಡಿಯಲು ಹೋದಾಗ ಅವಳೇ ಸೆಟ್ಟಿಂಗ್ಸ್ ತೆರೆದು ಹುಡುಕಿದಳು. ಗಡಿಯಾರ, ಸೌಂಡು, ನೆಟ್ಟು, ಎಲ್ಲವನ್ನೂ ಒಂದೊಂದಾಗಿ ಯಾರೋ ಆಫ್ ಮಾಡಿದ್ದರು.

"ಭಾಳ ಶಾಣ್ಯಾ ವೈರಸ್ ಬಿಡ ಹೇಮಕ್ಕಾ, ಆರಿಸಿ ಆರಿಸಿ ಬಂದ್ ಮಾಡೇತಿ!" ಶಬನಮ ನಕ್ಕಳು.

ಹೇಮಾ ನಗದೆ ಆನ್ ಮಾಡಿದಳು. ಮೂಲೆಯಲ್ಲಿ ಐದೂಕಾಲು ಮೂಡಿತು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿದೆ. ನಿರಾಳವಾಗಿ ಮುಂದಿನ ಕಾಗದದ ಕಟ್ಟು ಬಿಚ್ಚಿದಳು.

ಸ್ವಲ್ಪ ಹೊತ್ತಿಗೆ ಮಸೀದಿಯ ಬಾಂಗು ಕೇಳಿತು. ಶಬನಮ ದುಪಟ್ಟಾ ತಲೆಗೆಳೆದುಕೊಂಡವಳು ಹಾಗೇ ನಿಂತಳು.

"ಅಕ್ಕಾ, ಇದು ಹೊತ್ತ ಮುಣಗಿದ ಮ್ಯಾಲಿನ ಬಾಂಗ. ನಿನ್ನ ಗಡಿಯಾರದಾಗ ಇನ್ನೂ ಐದೂವರಿ ಐತಲ್ಲ!"

ಹೇಮಾ ಹೊರಗೋಡಿದಳು. ಬೀದಿದೀಪ ಹತ್ತಿದ್ದವು. ಮಾಲತೇಶ ಬಾಗಿಲಲ್ಲೇ ಇದ್ದ.

"ಹಳೇ ಮಷಿನ್ ತಂಗಿ, ಗಡಿಯಾರ ಹಿಂದ ಬೀಳತೈತಿ. ಅದಕ್ಕ ಬಂದ್ ಮಾಡಿದ್ದೆ."

"ವೈರಸ್ ಅಂದಿದ್ರಿ."

"ಅದೂ ಐತಿ. ನಾಗರ ಪಂಚಮಿಗೆ ನಿನಗ ಸೀರಿ ಕೊಟ್ಟ ಅಣ್ಣನ ಮ್ಯಾಲ ಸಂಶೆ ಏನು?"

ಬಸ್ಸು ಹೋಗಿತ್ತು. ಹಾಲಿನ ಗಾಡಿ ಹತ್ತಿ ಊರು ಮುಟ್ಟಿದಾಗ ಸ್ಟ್ಯಾಂಡಿನಲ್ಲಿ ಸಂಘಮಿತ್ರಾ ಪಾಟಿಚೀಲವನ್ನು ಎದೆಗವಚಿಕೊಂಡು ನಿಂತೇ ಇದ್ದಳು. ಮನೆಯಲ್ಲಿ ತನ್ನ ಕೈಗಡಿಯಾರ ಬಿಚ್ಚಿ, "ನಾಳೆಯಿಂದ ಇದನ್ನ ಕಟಗೊಂಡ ಹೋಗವ್ವಾ," ಎಂದಳು.

ಬೇರೆ ಕೆಲಸ ಹುಡುಕದೆ ಇರಲಿಲ್ಲ ಹೇಮಾ. ಸಿಕ್ಕಿರಲಿಲ್ಲ. ಬೆಳಿಗ್ಗೆ ಮಗಳ ಗಡಿಯಾರದ ಗುಲಾಬಿ ಪಟ್ಟಿಯನ್ನು ಕೊನೆಯ ತೂತಿಗೆ ಬಿಗಿದುಕೊಂಡು ಬಂದಳು. ಮಾಲತೇಶ ಡ್ರಾವರ್ ಎಳೆದ. ಅವಳು ಮೊಬೈಲ್ ಇಟ್ಟ ಮೇಲೂ ಅದನ್ನು ಮುಚ್ಚಲಿಲ್ಲ.

"ಅದನ್ನೂ ಹಾಕ ತಂಗಿ. ಕೆಲಸದ ಮ್ಯಾಲ ಲಕ್ಷ್ಯ ಇರಲಿ."

ಕೀಲಿಮಣೆಯ ಮೇಲೆ ಓಡುತ್ತಿದ್ದ ಕೈಯ ಬರಿ ಮಣಿಕಟ್ಟಿನಲ್ಲಿ ಪಟ್ಟಿಯ ಕೆಂಪು ಗುರುತು ಬಹಳ ಹೊತ್ತು ಮಾಸಲಿಲ್ಲ.