ನಕ್ಕೋ ಸಾಬರ ರೂಪಾಯಿ

ಸೂಗಪ್ಪನವರು ಯಾವುದಕ್ಕಾದರೂ ಬೇಡವೆನ್ನುವ ಮುನ್ನ ಕಣ್ಣಿಗೊತ್ತಿದ ಭೂತಗನ್ನಡಿಯನ್ನು ಕೆಳಗಿಳಿಸಿ, ಅಂಗಿಯ ತುದಿಯಿಂದ ಅದನ್ನು ಎರಡು ಸಲ ಒರೆಸಿ, ಎದುರು ಕುಳಿತವರ ಮುಖವನ್ನು ಅಪಾರ ಮರುಕದಿಂದ ನೋಡುತ್ತಾರೆ. ಆ ಮರುಕವನ್ನು ಕಂಡೊಡನೆ ಅನುಭವಸ್ಥರು ತಮ್ಮ ನಾಣ್ಯವನ್ನು ಮರಳಿ ಜೇಬಿಗಿಳಿಸುತ್ತಾರೆ, ಹೊಸಬರು ಮಾತ್ರ ಆಸೆಗಣ್ಣು ಬಿಟ್ಟುಕೊಂಡು ಕಾಯುತ್ತಾರೆ. "ಬ್ಯಾಡ್ರಿ" ಎಂಬ ಮಾತು ಬರುವುದು ಆಮೇಲೆ. ಅದರ ಹಿಂದೆ ಸಮಾಧಾನದ ಸಕ್ಕರೆ ಇರುವುದಿಲ್ಲ. ಹೈದರಾಬಾದಿನ ನಾಣ್ಯಸಂಗ್ರಾಹಕರು ತಿಂಗಳಿಗೊಂದು ಭಾನುವಾರ ಬೇಗಂಪೇಟೆಯ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಕೂಡುತ್ತಾರೆ. ತೆಲುಗು, ದಖನಿ, ಮರಾಠಿ, ಕನ್ನಡ ಎಲ್ಲವೂ ಒಂದೇ ಮೇಜಿನ ಮೇಲೆ ಹರಡಿಕೊಂಡಿರುವ ಆ ಕೂಟದಲ್ಲಿ ಸೂಗಪ್ಪನವರ ಹೆಸರು ನಕ್ಕೋ ಸಾಬ್. ಬೇಡ ಎನ್ನುವುದಕ್ಕೆ ಈ ಊರಿನ ದಖನಿಯಲ್ಲಿ ನಕ್ಕೋ ಎನ್ನುತ್ತಾರೆಂಬುದು ಗೊತ್ತಿದ್ದರೆ ಬಿರುದಿನ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ.

ಎಪ್ಪತ್ತನ್ನು ಸಮೀಪಿಸಿದ ವಯಸ್ಸು, ಒಣಗಿದ ಮೈ, ಎಡಕ್ಕೆ ಕೊಂಚ ವಾಲಿದ ನಡಿಗೆ. ವಾಲುವುದಕ್ಕೆ ಕಾರಣ ರೋಗವಲ್ಲ, ಕೋಟು. ಬೂದುಬಣ್ಣದ ಆ ಕೋಟಿಗೆ ಎಡಗಡೆ ಮೂರು ಒಳಜೇಬುಗಳಿವೆ, ಒಂದು ದರ್ಜಿ ಹೊಲಿದದ್ದು, ಎರಡು ತಾವೇ ಹೊಲಿದುಕೊಂಡದ್ದು. ಅವುಗಳಲ್ಲಿ ಭೂತಗನ್ನಡಿ, ಅಂಗೈಯಗಲದ ತೂಕದ ಯಂತ್ರ ಮತ್ತು ಅರಿವೆಯಲ್ಲಿ ಸುತ್ತಿದ ಹಳೆಯ ಕಾಲದ ಅರವತ್ತು ವಾಟಿನ ಬಲ್ಬು ಸದಾ ವಾಸವಾಗಿರುತ್ತವೆ. ಈಗಿನ ಬಿಳಿಯ ದೀಪಗಳು ನಾಣ್ಯದ ವಿಷಯದಲ್ಲಿ ಸುಳ್ಳು ಹೇಳುತ್ತವೆಂಬುದು ಅವರ ಅಚಲವಾದ ನಂಬಿಕೆ. ಆದ್ದರಿಂದ ಯಾರ ಮನೆಗೆ ಹೋದರೂ ಮೊದಲು ಅವರ ಮೇಜುದೀಪದ ಬಲ್ಬನ್ನು ಬಿಚ್ಚಿ, ತಮ್ಮದನ್ನು ತಿರುಗಿಸಿ ಕೂರಿಸಿ, ಆಮೇಲೆ ಚಹಾ ಕುಡಿಯುತ್ತಾರೆ. ಕೂಕಟ್‌ಪಲ್ಲಿಯ ಮೆಟ್ರೋ ನಿಲ್ದಾಣದ ಕಾವಲುಗಾರನೊಬ್ಬ ಮೊದಮೊದಲು ಆ ಬಲ್ಬಿನ ಸಲುವಾಗಿ ಅವರನ್ನು ಪಕ್ಕಕ್ಕೆ ನಿಲ್ಲಿಸುತ್ತಿದ್ದವನು ಈಗ, "ಬಲ್ಬ್ ತಾತಾ, ವೆಳ್ಳಂಡಿ" ಹೋಗಿ ಎಂದು ತೆಲುಗಿನಲ್ಲಿ ಹೇಳಿ, ನಕ್ಕು ಒಳಗೆ ಬಿಡುತ್ತಾನೆ. ಸೂಗಪ್ಪನವರೂ ನಗುತ್ತಾರೆ, ಆದರೆ ಬಲ್ಬನ್ನು ಮನೆಯಲ್ಲಿ ಬಿಡುವುದಿಲ್ಲ.

ಲಿಂಗಸುಗೂರಿನ ಕಡೆಯಿಂದ ಇಪ್ಪತ್ತರ ಹರೆಯದಲ್ಲಿ ಬಂದು, ಬೇಗಂಪೇಟೆಯಲ್ಲಿ ಗೂಡಿನಂಥ ಅಂಗಡಿಯಿಟ್ಟುಕೊಂಡು, ನಲವತ್ತು ವರ್ಷ ಅಕ್ಕಸಾಲಿಗರ ತಕ್ಕಡಿಗಳನ್ನು ದುರಸ್ತಿ ಮಾಡಿದವರು ಅವರು. ಮುಳ್ಳು ಕೂದಲೆಳೆಯಷ್ಟು ವಾಲಿದರೂ ಮತ್ತೆ ಬಿಚ್ಚಿ ಕೂರಿಸುವ ಆ ವೃತ್ತಿಯ ಹಟ ಕೈಬಿಟ್ಟ ಅಂಗಡಿಯ ಜೊತೆಗೆ ಹೋಗಲಿಲ್ಲ, ನಾಲಗೆಯಲ್ಲಿ ಉಳಿದುಕೊಂಡಿತು. ನಾಣ್ಯವೊಂದರ ಬಗ್ಗೆ ಅವರ ಬಾಯಿಂದ ಮುಲಾಜಿನ ಮಾತು ಬಂದದ್ದನ್ನು ಆ ಮಹಡಿಯ ಮೇಲೆ ಯಾರೂ ಕೇಳಿಲ್ಲ.

ನಾಣ್ಯಗಳಿಗೆ ಅಂಕ ಕೊಡುವ ಸಂಸ್ಥೆಗಳಿವೆಯೆಂಬುದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಶುಲ್ಕ ಕಟ್ಟಿ ಕಳಿಸಿದರೆ ಅಲ್ಲಿನ ಪರಿಣತರು ನಾಣ್ಯ ಅಸಲಿಯೋ ನಕಲಿಯೋ ನೋಡಿ, ಸವೆತ, ಹೊಳಪು, ಗೀರುಗಳನ್ನು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಬರೆದು, ಪಾರದರ್ಶಕವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ ಮರಳಿಸುತ್ತಾರೆ. ಅಂಕ ಏರಿದರೆ ಬೆಲೆಯೂ ಏರುತ್ತದೆ. ಆದರೆ ಶುಲ್ಕ, ಕೊರಿಯರ್, ವಿಮೆ ಎಲ್ಲ ಕೂಡಿಸಿದರೆ ನಾಣ್ಯವೊಂದಕ್ಕೆ ಎರಡು ಸಾವಿರದ ಆಸುಪಾಸಾಗುತ್ತದೆ. ಮುನ್ನೂರು ರೂಪಾಯಿಯ ನಾಣ್ಯಕ್ಕೆ ಎರಡು ಸಾವಿರದ ಡಬ್ಬಿ ತೊಡಿಸಿ ಕೈ ಸುಟ್ಟುಕೊಂಡವರು ಆ ಕೂಟದಲ್ಲಿ ಬೇಕಾದಷ್ಟು ಜನರಿದ್ದರು. ಇವರನ್ನು ಕಂಡರೆ ಸೂಗಪ್ಪನವರಿಗೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಎನ್ನುತ್ತಿತ್ತು. ಕಳಿಸಲು ಹೊರಟವರ ನಾಣ್ಯ ನೋಡಿ ಅವರು ಬ್ಯಾಡ್ರಿ ಎನ್ನುತ್ತಿದ್ದದ್ದು ಇದಕ್ಕೇ.

ಬೀದರಿನ ಹುಡುಗಿ ಅಮಿತಾ ಅವರಿಗೆ ಗಂಟುಬಿದ್ದದ್ದು ಹೀಗೆಯೇ. ಅಮೀರ್‌ಪೇಟೆಯ ತರಬೇತಿ ಕೇಂದ್ರವೊಂದರಲ್ಲಿ ಕಂಪ್ಯೂಟರ್ ಕಲಿಸುವ ಈಕೆ ತೀರಿಹೋದ ಅಜ್ಜನ ಮೂವತ್ತೆಂಟು ನಾಣ್ಯಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತಂದು ಮೇಜಿನ ಮೇಲೆ ಸುರಿದಳು. ಆ ಸಪ್ಪಳಕ್ಕೆ ಸೂಗಪ್ಪನವರು ಮಗು ಬಿದ್ದಂತೆ ಬೆಚ್ಚಿಬಿದ್ದರು.

"ಎಲ್ಲಾ ಕಳಸೂಣ್ರಿ ಕಾಕಾ. ನಮ್ಮ ಮುತ್ಯಾನ ನೆನಪು ಅವ."

"ನೆನಪಿಗಿ ಅವ್ರು ನಂಬರ್ ಹಾಕಂಗಿಲ್ಲವ್ವಾ" ಎಂದರು ಸೂಗಪ್ಪನವರು, ಮತ್ತು ಬಲ್ಬನ್ನು ಹೊರತೆಗೆದರು.

ಎರಡು ತಾಸು ಹಿಡಿಯಿತು. ಒಂದೊಂದನ್ನೂ ಅಂಚಿನಲ್ಲಿ ಮಾತ್ರ ಹಿಡಿದು, ತೂಗಿ, ದೀಪದ ಕೆಳಗೆ ಓರೆಯಾಗಿಸಿ, ಬೆಳಕು ಅದರ ಮುಖದ ಮೇಲೆ ಗಿರಕಿ ಹೊಡೆಯುತ್ತದೋ ಸತ್ತು ಬೀಳುತ್ತದೋ ನೋಡಿ, ಬ್ಯಾಡ, ಬ್ಯಾಡ, ಬ್ಯಾಡ ಎಂದು ಪಕ್ಕಕ್ಕಿಡುತ್ತ ಹೋದರು. ಕೊನೆಗೆ ಉಳಿದವು ಎರಡು. ಡಬ್ಬಿಯಲ್ಲಿ ಕೂತ ಮೇಲೆ ತನ್ನ ಮೇಲಿನ ಖರ್ಚಿನ ಮೂರು ಪಟ್ಟು ತಾರದ ನಾಣ್ಯ ಮನೆಯಲ್ಲಿರುವುದೇ ಲೇಸೆಂಬುದು ಅವರ ಲೆಕ್ಕ. ಆ ಎರಡನ್ನೂ ತುರ್ತಿನ ದುಬಾರಿ ದರದಲ್ಲಿ ಕಳಿಸಲು ಬಿಡಲಿಲ್ಲ. "ನೂರು ವರ್ಷ ಕಾದದ್ದು ಮೂರು ತಿಂಗಳು ಕಾಯಂಗಿಲ್ಲೇನು?" ಎಂದು ಕೇಳಿ, ಕೂಟದ ಇನ್ನೂ ನಾಲ್ಕು ಜನರ ನಾಣ್ಯಗಳ ಜೊತೆಗೆ ಒಂದೇ ಪಾರ್ಸಲಿನಲ್ಲಿ ಸೇರಿಸಿ, ಕೊರಿಯರ್ ಖರ್ಚನ್ನು ಐವರಿಗೂ ಹಂಚಿದರು. ಅಮಿತಾಳ ಎರಡೂ ನಾಣ್ಯಗಳಿಗೆ ಅವರು ಊಹಿಸಿದಷ್ಟೇ ಅಂಕ ಬಂತು. ಅಂದಿನಿಂದ ವರ್ಷಕ್ಕೆರಡು ಸಲ ಕೂಟದ ಪಾರ್ಸಲ್ ಕಟ್ಟುವ ಕೆಲಸವನ್ನು ಅವಳೇ ವಹಿಸಿಕೊಂಡಳು.

ಇಷ್ಟೆಲ್ಲ ಜನರ ನಾಣ್ಯಗಳನ್ನು ತೂರಿ ಜೊಳ್ಳು ತೆಗೆದ ಮನುಷ್ಯ ತಮ್ಮದೊಂದನ್ನೂ ಕಳಿಸಿರಲಿಲ್ಲ. ಕಳಿಸಬಹುದಾದದ್ದು ಒಂದೇ ಇತ್ತು. ಹಿಂದೊಮ್ಮೆ ಮುದುಕ ಅಕ್ಕಸಾಲಿಗನೊಬ್ಬ ದುರಸ್ತಿಗೆ ತಂದ ತಕ್ಕಡಿಯ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಕುಳಿಯೊಳಗೆ, ಯಾವ ಕಾಲದಲ್ಲೋ ಯಾರೋ ಇಟ್ಟು ಮರೆತ ನಿಜಾಮರ ಕಾಲದ ಚಾರ್‌ಮಿನಾರ್ ರೂಪಾಯಿಯೊಂದು ಟಂಕಸಾಲೆಯಿಂದ ಆಗಷ್ಟೇ ಬಂದಂತೆ ಮಲಗಿತ್ತು. ಅದರ ಯೋಗ್ಯತೆ ಇಂಥದ್ದೆಂದು ಸೂಗಪ್ಪನವರು ಬಿಡಿಸಿ ಹೇಳಿದರೂ ಮುದುಕ ನಕ್ಕು, ದುರಸ್ತಿಯ ಮಜೂರಿಗೆ ಬದಲು ಅದನ್ನೇ ಇವರ ಕೈಗಿತ್ತು ಹೋದ. ನಾಲ್ಕು ಮಿನಾರುಗಳ ಒಂದೊಂದು ಗೆರೆಯೂ ಚೂಪಾಗಿ, ಬಾಗಿಲ ಕಮಾನಿನ ನಡುವಿನ ಪುಟ್ಟ ಅಕ್ಷರವೂ ಮಾಸದೆ ಉಳಿದ ಆ ರೂಪಾಯಿಯನ್ನು ಅವರು ಕಾಗದದ ಲಕೋಟೆಯಲ್ಲಿಟ್ಟು, ವರ್ಷಕ್ಕೊಮ್ಮೆ ತೆಗೆದು ನೋಡಿ, ಉಸಿರು ತಾಕದಂತೆ ಮತ್ತೆ ಮುಚ್ಚಿಡುತ್ತಿದ್ದರು.

ಈ ವರ್ಷ ಅದನ್ನು ಕಳಿಸಿ, ಅಂಕ ಬಂದ ಮೇಲೆ ಮಾರುವುದೆಂದು ನಿಶ್ಚಯವಾಯಿತು. ಮಾರಿದ ದುಡ್ಡಿನಲ್ಲಿ ಹೆಂಡತಿ ಬಸಲಿಂಗಮ್ಮನವರನ್ನು ವಿಮಾನದಲ್ಲಿ ಕಾಶಿಗೆ ಕರೆದೊಯ್ಯಬೇಕು. ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣ ನಡೆಯುತ್ತಿದ್ದ ಕಾಲದಲ್ಲಿ ಅವರ ಬಾಡಿಗೆ ಮನೆಯ ಮಾಳಿಗೆಯ ಮೇಲೆಯೇ ವಿಮಾನಗಳು ಇಳಿಯುತ್ತಿದ್ದವು; ಹಪ್ಪಳ ಒಣಹಾಕುತ್ತ ಬಸಲಿಂಗಮ್ಮನವರು ಸಾವಿರಾರು ವಿಮಾನಗಳ ಹೊಟ್ಟೆಯನ್ನು ನೋಡಿದ್ದರೇ ಹೊರತು ಒಂದರ ಒಳಗೂ ಕಾಲಿಟ್ಟವರಲ್ಲ. ಕಾಶಿಯ ಮಾತು ಬಂದಂದಿನಿಂದ ಅವರು ಆ ಲಕೋಟೆಯನ್ನು ಮನೆಯ ಕೂಸಿನಂತೆ ಕಾಣತೊಡಗಿದರು.

ದೀಪಾವಳಿ ಅಮಾವಾಸ್ಯೆಯ ದಿನ ಸೂಗಪ್ಪನವರು ಚೆಂಡುಹೂವು, ಬಾಳೆಕಂದು ಹಿಡಿದು ಮಾರುಕಟ್ಟೆಯಿಂದ ಮರಳಿದಾಗ ದೇವರ ಮುಂದಿನ ತಟ್ಟೆಯಲ್ಲಿ ಏನೋ ಥಳಥಳಿಸುತ್ತಿತ್ತು. ಚಾರ್‌ಮಿನಾರ್ ರೂಪಾಯಿ. ಹುಣಸೆಹುಳಿ ಹಚ್ಚಿ, ವಿಭೂತಿಯಿಂದ ತಿಕ್ಕಿ ತೊಳೆದು, ಕುಂಕುಮವಿಟ್ಟಿದ್ದರು.

"ಹಬ್ಬದಾಗ ಮನ್ಯಾಗಿನ ಎಲ್ಲಾರೂ ನೀರ ಎರಕೊಂಡೀವಿ, ಅದೊಂದ ಯಾಕ ಹಂಗ ಇರಬೇಕ್ರಿ?" ಎಂದರು ಬಸಲಿಂಗಮ್ಮನವರು ಹೆಮ್ಮೆಯಿಂದ. "ಪರೀಕ್ಷಾಕ್ಕ ಹೊಂಟೈತಿ. ನೀವಂತೂ ಇಷ್ಟು ವರ್ಷ ಒಂದು ಹನಿ ನೀರು ಮುಟ್ಟಿಸಿಲ್ಲ."

ಹಳೆಯ ನಾಣ್ಯವನ್ನು ತಿಕ್ಕಿ ತೊಳೆದರೆ ಟಂಕಸಾಲೆ ಕೊಟ್ಟ ತೆಳುವಾದ ಹೊಳಪಿನ ಪೊರೆ ಹರಿದು, ಓರೆಮಾಡಿ ನೋಡಿದರಷ್ಟೇ ಕಾಣುವ ಸಾವಿರ ಗೀರುಗಳೇಳುತ್ತವೆ. ಪರಿಣತರು ಅದಕ್ಕೆ ಅಂಕವನ್ನೇ ಕೊಡದೆ, ತೊಳೆದದ್ದೆಂದು ಚೀಟಿಯ ಮೇಲೆ ಬರೆದು ಕಳಿಸುತ್ತಾರೆ. ಈ ಪಾಠವನ್ನು ಅರ್ಧ ಹೈದರಾಬಾದಿಗೆ ಹೇಳಿದ ಸೂಗಪ್ಪನವರು ತಮ್ಮ ಮನೆಯಲ್ಲಿ ಮಾತ್ರ ಹೇಳಿರಲಿಲ್ಲ. ಅವರು ಹೂವಿನ ಚೀಲವನ್ನು ಕೆಳಗಿಟ್ಟು, ತಟ್ಟೆಗೆ ಕೈಮುಗಿದು, "ಚಲೋ ಪೂಜಾ ಮಾಡೀದಿ" ಎಂದಷ್ಟೇ ಹೇಳಿದರು. ಪೂಜೆ ಚೆನ್ನಾಗಿಯೇ ಆಗಿತ್ತು.

ಮುಂದಿನ ಒಂದು ವಾರ ಅವರ ಪಾಲಿಗೆ ನರಕ. ಹೇಳಿದರೆ, ತನ್ನ ಕಾಶಿಯನ್ನು ತಾನೇ ತಿಕ್ಕಿ ಹಾಕಿದೆನೆಂದು ಆಕೆ ಜೀವಮಾನವಿಡೀ ಕೊರಗುತ್ತಾಳೆ. ಹೇಳದಿರಲು ಒಂದು ಸುಳ್ಳು ಬೇಕು, ಆ ಸುಳ್ಳು ಒಂದು ನಾಣ್ಯದ ಬಗ್ಗೆ ಆಗಬೇಕು. ಈ ಸಲ ಶುಲ್ಕ ಏರಿದೆ, ಖರ್ಚು ಗಿಟ್ಟುವುದಿಲ್ಲ, ಬ್ಯಾಡ ಎಂದುಬಿಟ್ಟರೆ ಯಾರೂ ಸಂಶಯಪಡುವಂತಿರಲಿಲ್ಲ. ಬೇಡವೆನ್ನುವುದರಲ್ಲಿ ಅವರಿಗಿದ್ದ ಕೀರ್ತಿಯೇ ಅಂಥದ್ದು. ಮಾತನ್ನು ಸ್ನಾನದ ಕೋಣೆಯಲ್ಲಿ ಎರಡು ಸಲ ಮೆಲ್ಲಗೆ ಆಡಿಯೂ ನೋಡಿದರು. ಹೊರಗೆ ಬಂದು ಹೆಂಡತಿಯ ಮುಖ ಕಂಡರೆ ನಾಲಗೆ ಏಳುತ್ತಿರಲಿಲ್ಲ.

ಅಷ್ಟರಲ್ಲಿ ಪಾರ್ಸಲ್ಲಿಗೆ ನಾಣ್ಯ ಒಯ್ಯಲು ಅಮಿತಾ ಬಂದಳು. ಬಸಲಿಂಗಮ್ಮನವರು ತಾವೇ ಲಕೋಟೆ ತಂದು ಅವಳ ಕೈಗಿತ್ತರು. ಹುಡುಗಿ ಅದನ್ನು ಬಿಚ್ಚಿ, ಓರೆಮಾಡಿ, ತಡೆಯಲಾರದೆ, "ಅಯ್ಯ ಕಾಕಾ, ಇದನ್ನ ಯಾರೋ ತೊಳದಾರ್ರಿ!" ಎಂದುಬಿಟ್ಟಳು. ಆಮೇಲೆ ಬಸಲಿಂಗಮ್ಮನವರ ಮುಖ ನೋಡಿ ಅವಳಿಗೆ ಎಲ್ಲವೂ ಹೊಳೆಯಿತು. ನಾಲಗೆ ಕಚ್ಚಿಕೊಂಡು, "ಇಲ್ರಿ ಕಾಕು, ಇವು ಮೊದಲಿನ ಗೀರ ಇರಬೇಕು. ಹೌದಲ್ರಿ ಕಾಕಾ?" ಎಂದು ಹೊಸ ದಾರಿಯೊಂದನ್ನು ತೆರೆದುಕೊಟ್ಟಳು. ಸೂಗಪ್ಪನವರು ತಲೆಯಾಡಿಸಿದ್ದರೆ ಸಾಕಾಗಿತ್ತು.

ಬಸಲಿಂಗಮ್ಮನವರು ಗಂಡನನ್ನೇ ನೋಡುತ್ತಿದ್ದರು. "ಖರೇ ಹೇಳ್ರಿ. ನಾ ತಿಕ್ಕಿದ್ದಕ್ಕ ಕೆಟ್ಟಿತೇನು?"

ಸೂಗಪ್ಪನವರು ರೂಪಾಯಿಯನ್ನು ಅಂಚಿನಲ್ಲಿ ಹಿಡಿದು, ಗೊತ್ತಿದ್ದದ್ದನ್ನೇ ಮತ್ತೊಮ್ಮೆ ಭೂತಗನ್ನಡಿಯಲ್ಲಿ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ, ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಮೂವರಲ್ಲಿ ಒಬ್ಬರೂ ಏಳಲಿಲ್ಲ.

"ಹೌದು" ಎಂದರು. "ಕೆಟ್ಟೈತಿ."

"ಎಷ್ಟು ಕೆಟ್ಟೈತಿ?"

"ವಿಮಾನದಷ್ಟು." ಅವರು ರೂಪಾಯಿಯನ್ನು ಲಕೋಟೆಗೆ ಮರಳಿಸಿದರು. "ತಪ್ಪು ನಿಂದಲ್ಲ. ಊರಿಗೆಲ್ಲಾ ಹೇಳಿದಾಂವ ನಿನಗ ಹೇಳಲಿಲ್ಲ ನಾ."

ಬಸಲಿಂಗಮ್ಮನವರು ಅತ್ತರು. ಸ್ವಲ್ಪ ಹೊತ್ತೇ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಏನನ್ನೋ ಒಳಗೊಳಗೇ ಜೋಡಿಸುತ್ತಿರುವವರಂತೆ ಕೂತು, ಕೇಳಿದರು: "ಇಷ್ಟು ದೊಡ್ಡದ್ರಾಗ ನನ್ನ ಮುಂದ ಸುಳ್ಳು ಹೇಳಲಿಲ್ಲ ನೀವು. ಹಂಗಾರ ಮೊನ್ನಿ ಹೋಳಿಗಿ ಭಾಳ ಚಲೋ ಆಗ್ಯಾವ ಅಂದ್ರಲ್ಲ, ಅದೂ ಖರೇನ?"

"ಖರೇನ."

"ಮದಿವ್ಯಾದ ಹೊಸತಿಗಿ, ಲಿಂಗಸುಗೂರು ಬಸ್‌ಸ್ಟ್ಯಾಂಡಿನ್ಯಾಗ, ನನ್ನ ನೋಡಿ ಒಂದು ಮಾತು ಅಂದಿದ್ರಿ. ಅದು?"

ಸೂಗಪ್ಪನವರ ಕಿವಿಗಳು ಕೆಂಪಾದವು. ಅಮಿತಾ ಅವಸರವಾಗಿ ಕಿಟಕಿಯ ಹೊರಗೆ ನೋಡತೊಡಗಿದಳು. ಆ ಮಾತು ಏನೆಂಬುದು ಅವಳಿಗೆ ಇಂದಿಗೂ ತಿಳಿಯದು.

"ಅದೂ ಖರೇ" ಎಂದರು ಸೂಗಪ್ಪನವರು.

"ಹಂಗಾರ ರೈಲಿಗೆ ಹೋಗೂಣ ಏಳ್ರಿ" ಎಂದು ಬಸಲಿಂಗಮ್ಮನವರು ಎದ್ದು, ಉಕ್ಕಿದ ಹಾಲನ್ನು ಒರೆಸಿ, ಉಳಿದದ್ದರಲ್ಲಿ ಮೂರು ಲೋಟ ಚಹಾ ಮಾಡಿದರು. ಕೂಟದ ಪಾರ್ಸಲ್ ಆ ರೂಪಾಯಿಯಿಲ್ಲದೆ ಹೋಯಿತು. ಮಾಘದಲ್ಲಿ ಇಬ್ಬರೂ ಸಿಕಂದರಾಬಾದಿನಲ್ಲಿ ರೈಲು ಹತ್ತಿದರು. ಸೂಗಪ್ಪನವರಿಗಿಂತ ಬಸಲಿಂಗಮ್ಮನವರೇ ಹೆಚ್ಚು ಹುರುಪಾಗಿದ್ದರೆಂದು ಬೀಳ್ಕೊಡಲು ಹೋಗಿದ್ದ ಅಮಿತಾ ಹೇಳುತ್ತಾಳೆ.

ಬೇಡವೆನ್ನುವವರ ಜೊತೆ ಬಾಳುವುದು ಸುಲಭವಲ್ಲ. ಎಲ್ಲರೂ ಭೇಷ್ ಎಂದು ಬೆನ್ನು ತಟ್ಟುವಾಗ ಇವರು ಭೂತಗನ್ನಡಿ ಒರೆಸುತ್ತ ಕೂತಿರುತ್ತಾರೆ. ನಮ್ಮ ಆಸೆಯ ಮೂವತ್ತಾರನ್ನು ಪಕ್ಕಕ್ಕೆ ಸರಿಸಿ ಎರಡನ್ನು ಮಾತ್ರ ಉಳಿಸುತ್ತಾರೆ. ಅಂಥವರನ್ನು ಜನ ಒಣ ಮನುಷ್ಯರೆಂದು ದೂರುವುದುಂಟು, ಆ ದೂರಿನಲ್ಲಿ ನಿಜವೂ ಉಂಟು. ಆದರೆ ಯಾವತ್ತೋ ಒಂದು ದಿನ ಅವರು ನಮ್ಮನ್ನು ನೋಡಿ ಚಲೋ ಎಂದಿದ್ದರೆ, ಆ ಒಂದು ಮಾತನ್ನು ಐವತ್ತು ವರ್ಷಗಳ ಮೇಲೆ ಹೊರತೆಗೆದು ಯಾವ ಬೆಳಕಿನ ಕೆಳಗೆ ಹಿಡಿದು ನೋಡಿದರೂ ಅದು ಸವೆದಿರುವುದಿಲ್ಲ.